ಅಡ್ಡ ಬದು

"ಹಂದಿ ಈದ ಹಾಗೆ ಈದು ಈದು ಗುಡ್ಡ ತುಂಬಿಸಿದ್ರಿ! ಕೆರೆದು ಕೆರೆದು ಬೋಳು ಮಾಡಿದ್ರಿ! ನಿಮ್ ಹಾಳು ಮಣ್ಣೆಲ್ಲ ಬಂದು ನನ್ ಕೆರೇಲಿ ಕೂತಿದೆ. ಎತ್ರೇ, ಮುಂಡೇರಾ!"

ಧಣಿ ಕೆರೆ ಏರಿಯ ಮೇಲೆ ಕೊಡೆ ಹಿಡಿದು ನಿಂತಿದ್ದ. ನಾವು ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿದ್ದೆವು. ಹೂಳೆತ್ತುವುದು ಬಿಟ್ಟಿ ಕೆಲಸ. ಅದನ್ನು ಹೊತ್ತು ಅವನ ತೋಟಕ್ಕೆ ಸುರಿಯುವುದೂ ಬಿಟ್ಟಿಯೇ. ಪಕ್ಕದಲ್ಲಿ ಸರ್ಕಾರಿ ಜೀಪಿನಲ್ಲಿ ಬಂದ ಸಾಹೇಬ ಸೋಡಾ ಕುಡಿಯುತ್ತಿದ್ದ.

"ಜನ ಜಾಸ್ತಿ ಆದ್ರೆ ಇದೇ ಗತಿ," ಅಂದ ಸಾಹೇಬ. "ಇವರನ್ನ ಎಬ್ಬಿಸಿದ್ರೆ ಗುಡ್ಡ ಉಳಿಯುತ್ತೆ."

ನಮ್ಮನ್ನು ಗುಡ್ಡ ಹತ್ತಿಸಿದ್ದು ಯಾರು ಅಂತ ಅವನು ಕೇಳಲಿಲ್ಲ. ಕೆಳಗಿನ ಮಟ್ಟಸ ಹೊಲವನ್ನು ನನ್ನ ಮಾವ ಗೇಣಿಗೆ ಉಳುತ್ತಿದ್ದ. ಧಣಿಗೆ ಅಲ್ಲಿ ತೋಟ ಬೇಕಾಯಿತು, ನಮ್ಮನ್ನು ಗುಡ್ಡಕ್ಕೆ ಅಟ್ಟಿದ. ಮಾವ ಮರ ಕಡಿದು ಹೊಲ ಮಾಡಿದ. ಇಳಿಜಾರಿಗೆ ಅಡ್ಡವಾಗಿ ಕಲ್ಲಿನ ಬದು ಹಾಕಿ ಮಣ್ಣು ಹಿಡಿದಿಟ್ಟ. ಅವನು ಸತ್ತ ಮೇಲೆ ನಾಲ್ವರು ಗಂಡುಮಕ್ಕಳಿಗೆ ಪಾಲು. ಮೇಲಿನದು ಬರೀ ಗರಸು, ಬುಡದಲ್ಲಿ ಬೆಣ್ಣೆಯಂಥ ಮಣ್ಣು. ಯಾರಿಗೂ ಮೋಸ ಆಗಬಾರದೆಂದು ಹೊಲವನ್ನು ನೆತ್ತಿಯಿಂದ ಬುಡದವರೆಗೆ ಉದ್ದುದ್ದ ಸೀಳಿಕೊಂಡೆವು. ಉಳುಮೆಯೂ ಮೇಲಿಂದ ಕೆಳಕ್ಕೇ. ಬದು ನೇಗಿಲಿಗೆ ತೊಡಕೆಂದು ಕಿತ್ತುಹಾಕಿದೆವು. ಆಮೇಲೆ ಬಂದ ಮಳೆಗೆ ಒಂದೊಂದು ಸಾಲೂ ಕಾಲುವೆಯಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ನನ್ನ ಪಾಲಿನಲ್ಲಿ ಬಂಡೆ ಬಿಟ್ಟರೆ ಏನಿಲ್ಲ. ಬಿತ್ತಲು ಮಣ್ಣಿಲ್ಲದಿದ್ದರೆ ಮಕ್ಕಳ ಬಾಯಿಗೆ ಏನಿಡಲಿ? ಪಾಲಿನ ಜಗಳದಲ್ಲಿ ನನ್ನ ಜೊತೆ ಮಾತು ಬಿಟ್ಟ ದೊಡ್ಡ ವಾರಗಿತ್ತಿಯ ಗತಿಯೂ ಅದೇ.

ಆ ವಾರಗಿತ್ತಿಯೇ ಬುಟ್ಟಿ ತುಂಬಿಕೊಂಡು ತಲೆ ಎತ್ತಿದಳು.

"ಧಣಿ, ಈ ಮಣ್ಣು ಯಾರ್ದು ಅಂದ್ರಿ?"

"ನಿಮ್ದೇ ಕಣೇ! ನಮ್ಮಪ್ಪಂದಾ?"

"ನಮ್ದಾದ್ರೆ ನಾವ್ ತಗೊಂಡ್ ಹೋಗ್ತೀವಿ ಬಿಡಿ."

ಬುಟ್ಟಿ ತಲೆಗೇರಿಸಿ ತೋಟದ ದಾರಿ ಬಿಟ್ಟು ಗುಡ್ಡದ ದಾರಿ ಹಿಡಿದಳು. ನಾನೂ ನನ್ನ ಬುಟ್ಟಿ ಹೊತ್ತೆ. ಅವಳ ಹಿಂದೆಯೇ ಹೋದೆ.

"ಏಯ್, ಎಲ್ಲಿಗೇ?" ಕೆಲಸ ಮಾಡಿಸುತ್ತಿದ್ದ ಧಣಿಯ ಮೇಸ್ತ್ರಿ ಎಸೆದ ದೊಣ್ಣೆ ಅವಳ ಮೀನಖಂಡಕ್ಕೆ ಬಿತ್ತು. ಅವಳು ಕುಂಟಿದಳು, ನಿಲ್ಲಲಿಲ್ಲ.

ಧಣಿ ಹೊಟ್ಟೆ ಕುಣಿಸಿ ನಕ್ಕ. "ಹೊರಲಿ ಬಿಡೋ! ಒಂದ್ ಮಳೆ ಬಂದ್ರೆ ತಿರುಗಿ ನನ್ ಕೆರೆಗೇ ಬರುತ್ತೆ!"

ಹಾಳಾದವನು ಹೇಳಿದ್ದು ನಿಜವೇ, ಅಡ್ಡ ಬದು ಇಲ್ಲದೆ ಈ ಮಣ್ಣು ನಿಲ್ಲದು. ಮೇಲೆ ಬುಟ್ಟಿ ಇಳಿಸಿದ ವಾರಗಿತ್ತಿ ತನ್ನ ಗುಡಿಸಲ ಗೋಡೆಯ ಬುಡದಲ್ಲಿ ಕೂತು ಒಂದು ಕಲ್ಲನ್ನು ಅಲ್ಲಾಡಿಸತೊಡಗಿದಳು. ಕಿತ್ತ ಬದುವಿನ ಕಲ್ಲುಗಳಿಂದಲೇ ನಮ್ಮ ನಾಲ್ಕೂ ಮನೆಗಳು ಎದ್ದಿದ್ದವು.

"ನೋಡ್ತಾ ನಿಂತ್ಯಲ್ಲೇ, ನಿನ್ ಗೋಡೇನೂ ಕೀಳು," ಅಂದಳು ನನಗೆ.

"ಮನೆ ಬೀಳುತ್ತಲ್ಲಕ್ಕಾ?"

"ಬೀಳ್ಲಿ. ಮನೆ ಉಣ್ತೀಯಾ?"

ಹಾರೆ ತಂದು ನನ್ನ ಗೋಡೆಗೆ ಹಾಕಿದೆ. ಒಂದು ಕಡೆಯ ಸೂರು ಕುಸಿಯಿತು, ಒಳಗಿದ್ದ ಮಗು ಕಿರುಚಿಕೊಂಡು ಹೊರಗೆ ಓಡಿಬಂತು. ನಾವು ಬದು ಹಾಕಲು ಹೊರಟದ್ದು ಕಂಡು ಕೆಳಗೆ ಧಣಿಯ ನಗು ನಿಂತಿತ್ತು. ಮೇಸ್ತ್ರಿ ನಾಲ್ಕು ಆಳುಗಳನ್ನು ಕಟ್ಟಿಕೊಂಡು ಗುಡ್ಡ ಹತ್ತುತ್ತಿದ್ದ. ಮೊದಲ ಕಲ್ಲು ಆಗಲೇ ನನ್ನ ಕೈಯಲ್ಲಿತ್ತು. ಅವನು ಹತ್ತಿರ ಬರುವವರೆಗೂ ನಾನು ಅದನ್ನು ಕೆಳಗಿಡಲಿಲ್ಲ; ಬಂದ ಮೇಲೆ ಅವನ ಕಾಲ ಮುಂದೆಯೇ ಇಳಿಜಾರಿಗೆ ಅಡ್ಡವಾಗಿ ಇಟ್ಟೆ.