ಕಲ್ಲೇಶ ಬಿಟ್ಟುಹೋದ ಟಂಟಂ

ಟಂಟಂನ ಹಿಂದಿನ ಸೀಟು ಒರೆಸುತ್ತಿದ್ದ ಮಲ್ಲೇಶ್ವರಿಯ ಕೈಯೊಳಗಿನ ಬಟ್ಟೆ ಆಗಲೇ ಕಾಡಿಗೆಯಂತೆ ಕಪ್ಪಾಗಿತ್ತು. ಹಿಂಡಿ, ಮತ್ತೆ ನೀರಿಗೆ ಅದ್ದಿದಳು. ದಿನವೂ ಇದೇ ಕೆಲಸ.

ಗಂಡ ಕಲ್ಲೇಶ ಬಸ್ಸು ಓಡಿಸಲು ದುಬೈಗೆ ಹೋದಾಗಿನಿಂದ ಮೂರು ಗಾಲಿಯ ಈ ಡೀಸೆಲ್ ಟಂಟಂ ಆಟೊ ಅವಳ ಕೈಯಲ್ಲಿದೆ. ತನ್ನೂರು ತಳಕಲ್ಲಿನ ಹೆಣ್ಣುಮಕ್ಕಳನ್ನು ಕುಕನೂರಿನ ಶಾಲೆಗೆ ಬಿಟ್ಟು, ಸಂಜೆ ಕರೆತರುತ್ತಾಳೆ.

ಪಕ್ಕದ ಮನೆಯ ರೂಪಾ ಬಂದಳು. ಜೊತೆಗೆ ಮಗಳು ಅಂಜಲಿ ಇರಲಿಲ್ಲ.

"ಇನ್ನ ನಮ್ಮ ಅಂಜಲಿ ನಿನ್ನ ಗಾಡ್ಯಾಗ ಬರಂಗಿಲ್ಲ ನೋಡವಾ. ದಮ್ಮು ಹತ್ತೈತಿ. ಹೊಗಿಯಿಂದ ದೂರ ಇಡ್ರಿ ಅಂದಾರ ಡಾಕ್ಟರು."

"ನನ್ನ ಗಾಡಿಗೆ ಹೊಗಿ ತಪಾಸಣಿ ಪತ್ರ ಐತಿ ಅಕ್ಕಾ."

"ಹಂಗಾರ ಆ ಪತ್ರಾನ ಮೂಗಿಗೆ ಹಿಡಕೊಂಡು ಕುಂದರಲೇನು ನನ್ನ ಮಗಳು?"

ಶುಕ್ರವಾರ ಕಲ್ಲೇಶನಿಗೆ ರಜೆ. ಅವನ ಫೋನು ಬಂದಾಗ ಮಲ್ಲೇಶ್ವರಿ ಅದನ್ನೇ ಹೇಳಿದಳು.

"ಪತ್ರ ಹೆಂಗ ಮಾಡಿಸಿದಿ?" ಎಂದ.

"ನಂಬರ್ ಪ್ಲೇಟಿನ ಫೋಟೊ ಕಳಿಸಿದ್ನಿ, ಪತ್ರ ಫೋನಿಗೇ ಬಂತು. ಎಲ್ಲಾರೂ ಹಂಗ ಮಾಡಸ್ತಾರ್ರಿ."

ಅವನು ನಕ್ಕ. "ರಕ್ತ ತಪಾಸಣಿಗೆ ಮಾರಿ ಫೋಟೊ ಕಳಿಸಿದಂಗಾತು! ಇಲ್ಲಿ ವರ್ಷಕ್ಕೊಮ್ಮೆ ನನ್ನ ಬಸ್ಸು ತಪಾಸಣಿ ಕೇಂದ್ರದಾಗ ಹೋಗಿ ನಿಲ್ಲಬೇಕು. ಬ್ರೇಕು, ದೀಪ, ಹೊಗಿ ಎಲ್ಲಾ ಪಾಸಾದ್ರನ ರಸ್ತಾಕ್ಕ. ಜಪಾನಿನಾಗ ಮನಿ ಕಾರನ್ನೂ ಎರಡು ವರ್ಷಕ್ಕೊಮ್ಮೆ ಹಿಂಗ ನೋಡ್ತಾರಂತ. ಅಮೆರಿಕಾದ ಕೆಲವು ರಾಜ್ಯದಾಗ ವೈರ್ ಸಿಗಿಸಿ, ಹೊಗಿ ಹೆಂಗೈತಿ ಅಂತ ಕಾರಿನ ಕಂಪ್ಯೂಟರನ್ನ ಕೇಳ್ತಾರಂತ. ಇನ್ನ ಕೆಲವು ರಾಜ್ಯದಾಗ ತಪಾಸಣಿನ ಇಲ್ಲಂತ. ನಮ್ಮ ರೂಮಿನ ಜಿಲಾನಿ ಇದರ ವಿಡಿಯೋ ಹಚ್ಚಿಕೊಂಡು ತಲಿ ತಿಂತಾನ."

"ನಮ್ಮಲ್ಲಿ ಹೆಂಗ್ರಿ?"

"ಡೀಸೆಲ್ ಗಾಡಿ ಆದ್ರ ಸೈಲೆನ್ಸರಿನಾಗ ನಳಿಗಿ ಇಟ್ಟು, ಎಕ್ಸಲೇಟರ್ ಪೂರ್ತಿ ಒತ್ತಿ ಒತ್ತಿ ಬಿಟ್ಟು ಹೊಗಿ ಅಳೀತಾರ. ದೇಶಕ್ಕೊಂದು ನಮೂನಿ ಮಲ್ಲೀ. ನಳಿಗಿಯರ ಇಡ್ಲಿ, ವೈರರ ಸಿಗಸ್ಲಿ, ಗಾಡಿ ಅಲ್ಲಿ ಇರಬೇಕಲ್ಲ? ಫೋಟೊ ಹೊಗಿ ಬಿಡತೈತೇನು? ಕುಕನೂರಾಗ ಮೆಕ್ಯಾನಿಕ್ ರಾಮಾಂಜನೇಯಗ ಎಂಜಿನ್ ತೋರಸು."

"ನೋಡೂಣಂತ ಬಿಡ್ರಿ."

ಅವಳಿಗೆ ಆ ಎಂಜಿನ್ ಮುಟ್ಟಿಸಲು ಮನಸ್ಸಿರಲಿಲ್ಲ. ಕಲ್ಲೇಶನ ಕಾಲದಿಂದಲೂ ಅದು ತಡವರಿಸಿ, ಕೆಮ್ಮಿ, ಆಮೇಲೆ ಓಡುವ ಗಾಡಿ. ಸಂಜೆ ತಿರುವಿನಲ್ಲಿ ಆ ಸದ್ದು ಕೇಳಿದರೆ ಅತ್ತೆ ಮುದಕಮ್ಮ ಈಗಲೂ, "ಕಲ್ಲೇಶ ಬಂದ" ಎಂದು ಕಾಲಿಗೆ ನೀರು ತಂದಿಡುತ್ತಾಳೆ. ಮಲ್ಲೇಶ್ವರಿಯೂ ಬಾಗಿಲ ಮುಂದೆ ಗಾಡಿಯನ್ನು ತಕ್ಷಣ ಆರಿಸುವುದಿಲ್ಲ. ಸದ್ದು ಇರುವಷ್ಟು ಹೊತ್ತು ಅವನು ಅಲ್ಲೇ ಎಲ್ಲೋ ಇದ್ದ ಹಾಗೆ. ಇದನ್ನು ಫೋನಿನಲ್ಲಿ ಹೇಗೆ ಹೇಳುವುದು?

ಮರುದಿನವೂ ಹಿಂದಿನ ಸೀಟಿನಲ್ಲಿ ಅಂಜಲಿಯ ಮೂಲೆ ಖಾಲಿಯಿತ್ತು. ಊರ ಬಸ್ ಸ್ಟ್ಯಾಂಡಿನಲ್ಲಿ ಅವಳು ಬಸ್ಸಿಗೆ ಕಾಯುತ್ತ ಒಬ್ಬಳೇ ನಿಂತಿದ್ದಳು. "ಚಿಗವ್ವಾ!" ಎಂದು ಕೈ ಎತ್ತಿದವಳು, ಗಾಡಿ ಹತ್ತಿರವಾಗುತ್ತಲೇ ಅದೇ ಕೈಯಿಂದ ಓಢಣಿ ಎಳೆದು ಮೂಗು ಮುಚ್ಚಿಕೊಂಡಳು. ದಾಟಿದ ಮೇಲೆ ಮಲ್ಲೇಶ್ವರಿ ಕನ್ನಡಿ ನೋಡಿದಳು. ಕರಿ ಹೊಗೆ ಮಾತ್ರ ಕಂಡಿತು. ಹುಡುಗಿ ಕಾಣಲಿಲ್ಲ.

ಕುಕನೂರಿನಲ್ಲಿ ಮಕ್ಕಳನ್ನು ಇಳಿಸಿ, ರಾಮಾಂಜನೇಯನ ಅಂಗಡಿಯ ಕಡೆ ಗಾಡಿ ತಿರುಗಿಸಿದಳು. ರಿಪೇರಿಯಾದ ಮೇಲೆ ನೇರ ಹೊಗೆ ತಪಾಸಣೆಗೆ. ಕೆಮ್ಮು ನಿಂತ ಗಾಡಿಯ ಸದ್ದು ಸಂಜೆ ಅತ್ತೆಗೆ ಗುರುತು ಸಿಗಲಿಕ್ಕಿಲ್ಲ. ಆಗ ಬಾಗಿಲಲ್ಲಿ ನಿಂತು, "ಅತ್ತೀ, ನಾನು ಬಂದ್ನಿ" ಎಂದು ತಾನೇ ಕೂಗಬೇಕು ಎಂದುಕೊಂಡಳು.

ಗಾಡಿ ಇರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ತಪಾಸಣೆಗೆ ಫೋಟೊ ಕಳಿಸಬೇಡಿ, ಗಾಡಿಯನ್ನೇ ಒಯ್ಯಿರಿ. ಹೊಗೆ ಕಪ್ಪಾಗಿದ್ದರೆ ಪತ್ರದ ಅವಧಿ ಮುಗಿಯಲಿ ಎಂದು ಕಾಯಬೇಡಿ, ಇವತ್ತೇ ರಿಪೇರಿ ಮಾಡಿಸಿ. ಒಮ್ಮೆ ಕನ್ನಡಿಯಲ್ಲಿ ನೋಡಿ: ನಿಮ್ಮ ಹಿಂದೆ ನಿಂತ ಮಗು ಕಾಣುತ್ತಿದೆಯೇ?