ಮುನಿವೆಂಕಟಮ್ಮನವರ ಮನೆಯ ಹೆಪ್ಪು

ನಂದಗುಡಿ ಹತ್ತಿರದ ಆ ಹಳ್ಳಿಯಲ್ಲಿ ಯಾರ ಮನೆಯ ಮೊಸರು ಕೆಟ್ಟರೂ ಲೋಟ ಹಿಡಿದು ಬರುತ್ತಿದ್ದುದು ಮುನಿವೆಂಕಟಮ್ಮನವರ ಬಾಗಿಲಿಗೆ. ಅವರ ಹೆಪ್ಪು ಅಂಥದ್ದು. ಸಂಜೆ ಒಂದು ಚಮಚ ಬಿಟ್ಟರೆ ಬೆಳಗ್ಗೆ ಪಾತ್ರೆ ಓರೆ ಮಾಡಿದರೂ ಮೊಸರು ಜಾರುತ್ತಿರಲಿಲ್ಲ. ಇದು ನಮ್ಮತ್ತೆ ಕೊಟ್ಟ ಹೆಪ್ಪು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳುವಾಗ ಸ್ವಲ್ಪ ಜಂಬ ಇರುತ್ತಿತ್ತು, ಇರಲಿ ಬಿಡಿ. ಅಷ್ಟು ಗಟ್ಟಿ ಮೊಸರು ಮಾಡುವವರಿಗೆ ಅಷ್ಟೂ ಬೇಡವೇ?

ಆ ಮನೆಯಲ್ಲಿ ಖಾಲಿಯಾಗದ ವಸ್ತು ಇನ್ನೊಂದಿತ್ತು. ಫ್ರಿಜ್ಜಿನ ಬಾಗಿಲಲ್ಲಿ ಸಾಲಾಗಿ ನಿಂತ, ಅರ್ಧ ಉಳಿದ ಸಿರಪ್ ಬಾಟಲಿಗಳು. ಯಾವಾಗಲೋ ಡಾಕ್ಟರು ಬರೆದವು ಕೆಲವು, ಮೆಡಿಕಲ್ ಸ್ಟೋರಿನಲ್ಲಿ ಬಾಯಿಮಾತಲ್ಲಿ ಕೇಳಿ ತಂದವು ಕೆಲವು. ಮೊಮ್ಮಗಳು ಸಿಂಚನಾಗೆ ಮೂರು ವರ್ಷ. ಮಗು ಸೀನಿದರೆ ಒಂದು ಮುಚ್ಚಳ, ಕೆಮ್ಮಿದರೆ ಇನ್ನೊಂದು. ಮೂಗು ಸೋರುವುದು ನಿಂತ ಕೂಡಲೇ ಬಾಟಲಿ ಮತ್ತೆ ಫ್ರಿಜ್ಜಿಗೆ. ಅಕ್ಕಪಕ್ಕದ ಮಕ್ಕಳಿಗೂ ಧಾರಾಳವಾಗಿ ಕೊಡುತ್ತಿದ್ದರು. ಸೊಸೆ ಶಶಿರೇಖಾ, ಡಾಕ್ಟರನ್ನು ಕೇಳಿ ಕೊಡೋಣ ಅತ್ತೆ ಎಂದರೆ, ನನ್ನ ಕೈಯಲ್ಲಿ ಬೆಳೆದ ಮಗು ಒಂದು ದಿನವಾದರೂ ಆಸ್ಪತ್ರೆಯಲ್ಲಿ ಮಲಗಿದೆಯಾ ಎಂದು ಬಾಯಿ ಮುಚ್ಚಿಸುತ್ತಿದ್ದರು.

ಹೀಗಿರುವಾಗ ಅವರ ಹಸುವಿಗೆ ಕೆಚ್ಚಲು ಬಾವು ಬಂತು. ದನದ ಡಾಕ್ಟರು ಬಂದು ಕೆಚ್ಚಲಿಗೆ ಔಷಧ ಏರಿಸಿದರು. ನಾನು ಹೇಳುವವರೆಗೂ ಈ ಹಾಲನ್ನು ಡೇರಿಗೆ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ, ಚೆಲ್ಲಿಬಿಡಿ ಎಂದರು. ಮುನಿವೆಂಕಟಮ್ಮ ಡೇರಿಗೆ ಹಾಕಲಿಲ್ಲ, ಊರಿಗೆ ಕೆಟ್ಟ ಹಾಲು ಕೊಟ್ಟ ಮನೆಯಲ್ಲ ಅದು. ಆದರೆ ಹಾಲು ಚೆಲ್ಲಲು ಮನಸ್ಸು ಬರಬೇಕಲ್ಲ. ಚೆನ್ನಾಗಿ ಕುದಿಸಿದರೆ ಔಷಧವೆಲ್ಲ ಹೋಗುತ್ತದೆ ಎಂದುಕೊಂಡು, ಕುದಿಸಿ, ಆರಿಸಿ, ಮನೆಯಲ್ಲಿದ್ದ ಹೆಪ್ಪನ್ನೆಲ್ಲ ಅದಕ್ಕೇ ಬಿಟ್ಟರು.

ಬೆಳಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಸಂಜೆಯವರೆಗೆ ಕಾದರೂ ಅಷ್ಟೇ. ಯಾರದೋ ಕಣ್ಣು ಬಿತ್ತು ಎಂದು ಪಾತ್ರೆಯನ್ನು ಮೂಲೆಗೆ ಸರಿಸಿದರು.

ಅದೇ ಹೊತ್ತಿಗೆ ಸಿಂಚನಾಗೆ ಜ್ವರ ಕಾಣಿಸಿತು. ಉಚ್ಚೆ ಹೊಯ್ಯುವಾಗ ಉರಿ ಉರಿ ಎಂದು ಅಳುತ್ತಿದ್ದಳು. ಅಜ್ಜಿ ಫ್ರಿಜ್ಜಿನ ಸಿರಪ್ ಕುಡಿಸಿದರು. ಜ್ವರ ಇಳಿಯಲಿಲ್ಲ. ಇನ್ನೊಂದು ಬಾಟಲಿಯದು ಕುಡಿಸಿದರು. ಮಗು ಕಣ್ಣು ಬಿಡುವುದೇ ಕಷ್ಟವಾಯಿತು.

ಹೆಪ್ಪು ಕೇಳಲು ಲೋಟ ಹಿಡಿದು ಬಂದ ಆಶಾ ಕಾರ್ಯಕರ್ತೆ ಭಾನುಪ್ರಿಯಾ ಮಗುವಿನ ಹಣೆ ಮುಟ್ಟಿ ನೋಡಿ, ಲೋಟವನ್ನು ಅಲ್ಲೇ ಕಟ್ಟೆಯ ಮೇಲಿಟ್ಟಳು. "ದೊಡ್ಡಮ್ಮ, ಇದು ಮನೇಲಿ ಇಟ್ಕೊಳ್ಳೋ ಜ್ವರ ಅಲ್ಲ. ನಡೀರಿ, ಹೊಸಕೋಟೆಗೆ ಹೋಗಣ" ಎಂದಳು. ಶಶಿರೇಖಾ ಆಗಲೇ ಮಗುವನ್ನು ಎತ್ತಿಕೊಂಡಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಪ್ರಮೋದಾ ಮೂತ್ರ ಪರೀಕ್ಷೆ ಮಾಡಿಸಿ ಚಿಕಿತ್ಸೆ ಶುರು ಮಾಡಿದರು. ಪರೀಕ್ಷೆಯ ಫಲಿತಾಂಶ ಬಂದಾಗ ಅವರ ಮುಖ ಗಂಭೀರವಾಯಿತು. ಸೋಂಕು ತಂದ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಕೊಡುವ ಔಷಧಗಳಿಗೆ ಜಗ್ಗುತ್ತಿಲ್ಲ, ಬೇರೆ ಇಂಜೆಕ್ಷನ್ ಕೊಡಬೇಕು, ಅದಕ್ಕಾದರೂ ಬಗ್ಗುತ್ತದೆಯೇ ನೋಡಬೇಕು ಎಂದರು. ಮನೆಯಲ್ಲಿ ಏನೇನು ಕೊಟ್ಟಿದ್ದಿರಿ ಎಂದು ಕೇಳಿದರು. ಮುನಿವೆಂಕಟಮ್ಮ ಒಂದೊಂದೇ ಹೇಳತೊಡಗಿದರು. ಶುರುವಿನಲ್ಲಿದ್ದ ಗಟ್ಟಿ ದನಿ ಹೇಳುತ್ತ ಹೇಳುತ್ತ ಇಳಿಯಿತು.

"ಅಜ್ಜಿ, ಮಕ್ಕಳ ಹೊಟ್ಟೇಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಬೇಕಾದಷ್ಟು ಇರ್ತವೆ. ಬಹಳಷ್ಟು ಒಳ್ಳೇವೇ" ಎಂದರು ಡಾಕ್ಟರು. "ನೀವು ಹೇಳಿದ ಸಿರಪ್‌ಗಳಲ್ಲಿ ಸುಮಾರು ಆಂಟಿಬಯೋಟಿಕ್, ಅಂದ್ರೆ ಬ್ಯಾಕ್ಟೀರಿಯಾ ಸಾಯಿಸೋ ಔಷಧ. ಬೇಡದೇ ಇದ್ದಾಗ ಅದನ್ನ ಕೊಟ್ರೆ ಒಳ್ಳೇವು ಸಾಯ್ತವೆ. ಔಷಧಕ್ಕೆ ಜಗ್ಗದೇ ಇರೋವು ಉಳ್ಕೊಂಡು ಬೆಳೀತವೆ. ಅವೇ ಮೂತ್ರದ ದಾರಿಗೆ ಸೇರಿ ನಿಜವಾಗಿ ಕಾಯಿಲೆ ಬಂದ ದಿನ ಔಷಧ ಕೆಲಸ ಮಾಡಲ್ಲ."

ಹೊಟ್ಟೆಯಲ್ಲಿ ಒಳ್ಳೆಯ ಕ್ರಿಮಿ ಎಂದರೆ ಮುನಿವೆಂಕಟಮ್ಮ ನಂಬುವವರೇ? ಕ್ರಿಮಿಯಲ್ಲಿ ಒಳ್ಳೆಯದು ಎಲ್ಲಾದರೂ ಉಂಟೇ ಎಂದು ವಾದಕ್ಕೇ ನಿಂತರು. ಡಾಕ್ಟರು ನಕ್ಕು, ಹಾಲನ್ನು ಮೊಸರು ಮಾಡುವುದೂ ಅಂಥ ಒಳ್ಳೆಯ ಬ್ಯಾಕ್ಟೀರಿಯಾಗಳೇ ಅಲ್ಲವೇ ಎಂದರು.

ಮುನಿವೆಂಕಟಮ್ಮನವರಿಗೆ ಆಗ ಮೂಲೆಗೆ ಸರಿಸಿಟ್ಟ ಪಾತ್ರೆ ನೆನಪಾಯಿತು. ಹಸುವಿನ ಕಥೆಯನ್ನೆಲ್ಲ ಹೇಳಿ, "ಹಂಗಾರೆ ಡಾಕ್ಟ್ರಮ್ಮ, ನನ್ನ ಹೆಪ್ಪು ಸತ್ತಿದ್ದು ಹಸೂಗೆ ಕೊಟ್ಟ ಔಸ್ದಿಗೇನಾ?" ಎಂದು ಕೇಳಿದರು.

ಹೌದು, ಅದೂ ಆಂಟಿಬಯೋಟಿಕ್ಕೇ, ಕುದಿಸಿದರೂ ಪೂರ್ತಿ ಹೋಗುವುದಿಲ್ಲ, ಅದಕ್ಕೇ ಚೆಲ್ಲಲು ಹೇಳುವುದು ಎಂದರು ಡಾಕ್ಟರು.

"ಅತ್ತೆ ಕಾಲದ ಹೆಪ್ಪನ್ನೇ ಸಾಯಿಸ್ತು ಅಂದ್ರೆ, ಈ ಕೂಸಿನ ಹೊಟ್ಟೇಲಿ ಇನ್ನೇನ್ ಮಾಡಿರ್ಬೇಕು" ಎಂದು ಮುನಿವೆಂಕಟಮ್ಮ ಮೊಮ್ಮಗಳ ಕಾಲು ಸವರಿದರು. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಕೇಳಿದರು. "ಹೆಪ್ಪು ಮನೆಯಿಂದ ಮನೆಗೆ ಹೋಗುತ್ತೆ. ಈ ಜಗ್ಗದೇ ಇರೋವೂ ಹಂಗೇ ಹೋಗ್ತವಾ?"

ಹೋಗುತ್ತವೆ ಎಂದರು ಡಾಕ್ಟರು. ತೊಳೆಯದ ಕೈಯಿಂದ, ಆಟದ ಸಾಮಾನಿನಿಂದ, ಒಂದು ಮಗುವಿನಿಂದ ಇನ್ನೊಂದು ಮಗುವಿಗೆ. ತಾನು ಬಾಟಲಿ ಹಂಚಿದ ಮನೆಗಳೆಲ್ಲ ಮುನಿವೆಂಕಟಮ್ಮನವರ ಕಣ್ಣ ಮುಂದೆ ಬಂದವು. ಅವರಿಗೆ ನಿಜವಾಗಿ ಭಯವಾಯಿತು.

ಇಂಜೆಕ್ಷನ್ ಹಿಡಿಯಿತು. ಜ್ವರ ಬಿಟ್ಟಿತು. ಡಾಕ್ಟರು ಹೇಳಿದಷ್ಟು ದಿನ, ಹೇಳಿದಷ್ಟೇ ಔಷಧ ಮುಗಿಸಿ ಸಿಂಚನಾ ಮನೆಗೆ ಬಂದಳು. ಬಂದವಳೇ ಮೊಸರನ್ನ ಕೇಳಿದಳು. ಆ ಮಾತಿಗೆ ಅಜ್ಜಿಗೆ ಅಳು ಬಂದುಬಿಟ್ಟಿತು, ಮನೆಯಲ್ಲಿ ಹೆಪ್ಪೇ ಉಳಿದಿರಲಿಲ್ಲ.

ಅಷ್ಟರಲ್ಲಿ ಭಾನುಪ್ರಿಯಾ ಲೋಟ ಹಿಡಿದು ಬಂದಳು. ಈ ಸಲ ಲೋಟ ಖಾಲಿ ಇರಲಿಲ್ಲ. "ದೊಡ್ಡಮ್ಮ, ಇದು ನಿಮ್ದೇ. ಹೋದ ತಿಂಗಳು ನಮ್ಮಮ್ಮನ ಮನೇಗೆ ಇಸ್ಕೊಂಡು ಹೋಗಿದ್ನಲ್ಲ, ಅದ್ರದ್ದೇ ಮೊಸರು" ಎಂದಳು.

ದನದ ಡಾಕ್ಟರು ಸರಿ ಎನ್ನುವವರೆಗೂ ಮುನಿವೆಂಕಟಮ್ಮ ಹಾಲನ್ನು ತಮ್ಮ ಕೈಯಾರೆ ಗುಂಡಿಗೆ ಚೆಲ್ಲಿದರು. ಸರಿ ಎಂದ ದಿನ ಹೆಪ್ಪು ಬಿಟ್ಟರು. ಬೆಳಗ್ಗೆ ಪಾತ್ರೆ ಓರೆ ಮಾಡಿದರೆ ಮೊಸರು ಅಲುಗಲಿಲ್ಲ. ಅದನ್ನು ಬೀದಿಯವರಿಗೆಲ್ಲ ತೋರಿಸಿದರು. ಜಂಬ ವಾಪಸ್ಸು ಬಂದಿತ್ತು, ಅದಕ್ಕೀಗ ಇನ್ನೊಂದು ಕಾರಣವೂ ಇತ್ತು. ಡಾಕ್ಟರು ಹೇಳಿದ್ದನ್ನು ಡೇರಿಯ ಮುಂದೆ ಕ್ಯಾನ್ ಹಿಡಿದು ನಿಂತವರಿಗೆ ಅವರಷ್ಟು ಚೆನ್ನಾಗಿ ಯಾರೂ ಹೇಳುತ್ತಿರಲಿಲ್ಲ. ಆಶಾ ಸಭೆಯಲ್ಲಿ ಭಾನುಪ್ರಿಯಾ, ನಮ್ಮ ದೊಡ್ಡಮ್ಮ ಇದ್ದರೆ ನನಗೆ ಭಾಷಣದ ಕೆಲಸವೇ ಇಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡಳು.

ಮೊನ್ನೆ ಪಕ್ಕದ ಮನೆಯ ಅರ್ಪಿತ, ಮಗನಿಗೆ ನೆಗಡಿ, ಸಿರಪ್ ಇದ್ದರೆ ಕೊಡಿ ಎಂದು ಬಂದಿದ್ದಳು. ಮುನಿವೆಂಕಟಮ್ಮ ಫ್ರಿಜ್ಜಿನ ಬಾಗಿಲು ಪೂರ್ತಿ ತೆರೆದು ತೋರಿಸಿದರು. "ಔಸ್ದಿ ಇಲ್ಲ ಕಣಮ್ಮ. ಮಗೂನ ಭಾನು ಹತ್ರ ತೋರ್ಸು, ಡಾಕ್ಟ್ರು ಬೇಕು ಅಂದ್ರೆ ಅವ್ರೇ ಬರ್ಕೊಡ್ತಾರೆ. ಹೆಪ್ಪು ಬೇಕಾ, ಎಷ್ಟು ಬೇಕೋ ಅಷ್ಟು ತಗೊಂಡೋಗು."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಫ್ರಿಜ್ಜಿನ ಬಾಗಿಲನ್ನೂ ಇವತ್ತೇ ಒಮ್ಮೆ ತೆರೆದು ನೋಡಿ. ಮಗುವಿನ ಎಲ್ಲ ನೆಗಡಿ, ಕೆಮ್ಮಿಗೂ ಆಂಟಿಬಯೋಟಿಕ್ ಬೇಕಿಲ್ಲ. ಬೇಕಾದಾಗ ಡಾಕ್ಟರು ಬರೆದುಕೊಡಲಿ, ಕೊಟ್ಟರೆ ಹೇಳಿದಷ್ಟು ದಿನ ತಪ್ಪದೆ ಕುಡಿಸಿ. ಉಳಿದದ್ದನ್ನು ಎತ್ತಿಡಬೇಡಿ, ಇನ್ನೊಂದು ಮಗುವಿಗೆ ಕೊಡಬೇಡಿ. ಅದನ್ನು ಏನು ಮಾಡಬೇಕೆಂದು ನಿಮ್ಮೂರಿನ ಆಶಾ ಅವರನ್ನು ಕೇಳಿ. ಮಕ್ಕಳ ಕೈ ಸೋಪಿನಿಂದ ತೊಳೆಸಿ. ಹಸುವಿಗೆ ಔಷಧ ಕೊಟ್ಟಿದ್ದರೆ ದನದ ಡಾಕ್ಟರ ಮಾತು ಮೀರಬೇಡಿ. ನಮ್ಮ ಊರಿನಲ್ಲಿ ಮನೆಯಿಂದ ಮನೆಗೆ ಹೋಗುವುದು ಹೆಪ್ಪಾಗಿರಲಿ.