ಹಗುರ ಬುಟ್ಟಿ

ನಗರಸಭೆಯವರು ಒಂದು ಯೋಜನೆ ತಂದರೆ ಅದಕ್ಕೊಂದು ಮುದ್ದಾದ ಹೆಸರಿಡುವುದನ್ನು ಮಾತ್ರ ಮರೆಯುವುದಿಲ್ಲ. ಈ ಸಲದ್ದು 'ಹಗುರ ಬುಟ್ಟಿ'. ಪ್ರತಿ ಮಂಗಳವಾರ ಬೀದಿಯ ಇಪ್ಪತ್ತಾರು ಮನೆಗಳ ಹಸಿ ಕಸವನ್ನು ತೂಗುವುದು, ತೂಕವನ್ನು ಬೀದಿಯ ಮೂಲೆಯ ಹಲಗೆಯ ಮೇಲೆ ಮನೆ ನಂಬರಿನ ಸಮೇತ ಬರೆಯುವುದು, ಅತಿ ಕಡಿಮೆ ಇದ್ದವರ ನಂಬರು ಮೇಲೆ, ಹೆಚ್ಚು ಇದ್ದವರದು ಕೆಳಗೆ. ಆರು ತಿಂಗಳ ಕೊನೆಗೆ ಮೊದಲ ಸ್ಥಾನದಲ್ಲಿದ್ದವರಿಗೆ ಸಭಾಂಗಣದ ವೇದಿಕೆಯ ಮೇಲೆ ಹಸಿರು ಎಲೆ ಕೊರೆದ ಒಂದು ಫಲಕ, ಜೊತೆಗೆ ಹತ್ತು ನಿಮಿಷ ಮಾತಾಡುವ ಅವಕಾಶ. ಫಲಕಕ್ಕಿಂತ ಮೈಕಿನ ಆಸೆಗೇ ಜನ ಕಸ ಕಡಿಮೆ ಮಾಡಿದರು ಎಂದು ಕಾಣುತ್ತದೆ.

ತೂಗುವವಳು ಹತ್ತೊಂಬತ್ತು ವರ್ಷದಿಂದ ನಗರಸಭೆಯ ಕೆಲಸದಲ್ಲಿದ್ದ ಹೆಂಗಸು. ಕೊಕ್ಕೆಯಿರುವ ಪುಟ್ಟ ತಕ್ಕಡಿಯೊಂದನ್ನು ಅವಳ ಕೈಗೆ ಕೊಟ್ಟ ದಿನವೇ ಬೀದಿ ಅವಳಿಗೆ ತಕ್ಕಡಿಯಮ್ಮ ಎಂದು ಹೆಸರಿಟ್ಟಿತು. ಹೆಸರು ಅವಳಿಗೆ ಒಪ್ಪುವಂಥದೇ. ಒಂದು ಗ್ರಾಂ ಆಚೀಚೆ ಆಗಲು ಬಿಡುತ್ತಿರಲಿಲ್ಲ. ಬುಟ್ಟಿ ಅಲುಗಾಡುವುದು ನಿಲ್ಲುವ ತನಕ ಉಸಿರು ಹಿಡಿದು ನಿಲ್ಲುತ್ತಿದ್ದಳು, ಬುಟ್ಟಿಯದೇ ತೂಕವನ್ನು ಕಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಯಾರಾದರೂ "ಸ್ವಲ್ಪ ನೋಡ್ಕೊಂಡು ಬರೀರಿ" ಎಂದು ಹಲ್ಲು ಕಿರಿದರೆ ಕನ್ನಡಕದ ಮೇಲಿಂದ ಒಂದು ಸಲ ನೋಡುವಳು, ಅಷ್ಟೇ ಸಾಕಾಗುತ್ತಿತ್ತು.

ಜನರನ್ನು ಒಂದು ನಿಯಮಕ್ಕೆ ತರುವುದೆಂದರೆ ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ ಎನ್ನುತ್ತಾರೆ. ಈ ಬೀದಿಯಲ್ಲಿ ಮಾತ್ರ ಕಪ್ಪೆಗಳು ಪೈಪೋಟಿಯಿಂದ ತಾವೇ ಬಂದು ಕುಳಿತವು. ನಾಲ್ಕೈದು ಕಿಲೋ ಕೊಡುತ್ತಿದ್ದ ಮನೆಗಳು ಎರಡಕ್ಕಿಳಿದವು. ಮಹಡಿಗಳ ಮೇಲೆ ಗೊಬ್ಬರದ ಮಡಕೆಗಳು ಎದ್ದವು. ಮೂರು ಮಹಡಿಯ ಕಟ್ಟಡವೊಂದರ ಕೆಳಮನೆಯಲ್ಲಿದ್ದ ಟ್ಯೂಷನ್ ಮೇಷ್ಟ್ರಂತೂ ಹಗಲೂ ರಾತ್ರಿ ಅದೇ ಧ್ಯಾನದಲ್ಲಿದ್ದರು. ಆಲೂಗಡ್ಡೆಯನ್ನು ಸಿಪ್ಪೆ ಸಮೇತ ತಿನ್ನಲು ಶುರುಮಾಡಿ ಮನೆಯವರಿಗೂ ಅದನ್ನೇ ತಿನ್ನಿಸಿದರು. ಇಷ್ಟಾದರೂ ಅವರ ತೂಕ ಒಂಬೈನೂರು ಗ್ರಾಮಿಗಿಂತ ಕೆಳಗೆ ಇಳಿಯಲಿಲ್ಲ, ಹಲಗೆಯ ಮೇಲೆ ಅವರ ನಂಬರು ಎರಡನೆಯ ಸಾಲಿನಿಂದ ಮೇಲೆ ಏರಲಿಲ್ಲ.

ಮೊದಲನೆಯ ಸಾಲಿನಲ್ಲಿ ಹನ್ನೊಂದು ವಾರದಿಂದ ಒಂದೇ ನಂಬರು ಬೇರೂರಿ ಕುಳಿತಿತ್ತು. ಹತ್ತೊಂಬತ್ತನೆಯ ಮನೆ, ಅದೇ ಕಟ್ಟಡದ ಮೂರನೆಯ ಮಹಡಿ. ಅಲ್ಲಿದ್ದವಳು ಕಿಟಕಿಗೆ ಪರದೆ ಹೊಲಿದುಕೊಡುವ ಟೈಲರಮ್ಮ. ಅವಳು ತಕ್ಕಡಿಯಮ್ಮನ ಅತ್ತಿಗೆ, ಸತ್ತುಹೋದ ಅಣ್ಣನ ಹೆಂಡತಿ.

ಅತ್ತಿಗೆ ನಾದಿನಿಯರದು ಎಣ್ಣೆ ಸೀಗೆಕಾಯಿ ಸಂಬಂಧ ಎನ್ನುವುದು ಹಳೆಯ ಮಾತು. ಆದರೆ ಇವರಿಬ್ಬರದು ಹಾಗಿರಲಿಲ್ಲ. ಬಡಗಿಯಾಗಿದ್ದ ಅಣ್ಣ ಬದುಕಿದ್ದಾಗ ಭಾನುವಾರದ ಊಟ ಅಲ್ಲೇ. ಅತ್ತಿಗೆಯ ಕೈರುಚಿ ನಾಲ್ಕು ಬೀದಿಗೆ ಗೊತ್ತಿತ್ತು, ಮೂವರಿಗೆ ಅಡುಗೆ ಮಾಡು ಎಂದರೆ ಏಳು ಜನಕ್ಕಾಗುವಷ್ಟು ಮಾಡುವ ಕೈ ಅದು. ಹದಿನಾಲ್ಕು ತಿಂಗಳ ಹಿಂದೆ ಅಣ್ಣ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿ ಎರಡು ದಿನ ಮಲಗಿದ್ದ. ಆ ಎರಡು ದಿನವೂ ಅತ್ತಿಗೆ ನಾದಿನಿಗೆ ಹೇಳಿ ಕಳಿಸಲಿಲ್ಲ. ಸುದ್ದಿ ಬಂದಾಗ ಎಲ್ಲ ಮುಗಿದಿತ್ತು. ತಕ್ಕಡಿಯಮ್ಮ ಬಂದು, ಅಣ್ಣನ ಮುಖ ನೋಡಿ, ಅತ್ತಿಗೆಯ ಮುಖ ನೋಡದೆ ಹೋದಳು. ಅಲ್ಲಿಂದ ಮಾತು ನಿಂತಿತು.

ಹೀಗಾಗಿ ಮಂಗಳವಾರದ ಆ ಅರ್ಧ ನಿಮಿಷ ವಿಚಿತ್ರವಾಗಿರುತ್ತಿತ್ತು. ಅತ್ತಿಗೆ ಬುಟ್ಟಿ ತಂದು ಮೆಟ್ಟಿಲ ಬುಡದಲ್ಲಿ ನಿಲ್ಲುವಳು. ನಾದಿನಿ ಕೊಕ್ಕೆ ಸಿಕ್ಕಿಸುವಳು. ಇಬ್ಬರೂ ಬುಟ್ಟಿಯನ್ನೇ ನೋಡುವರು. ತೂಕ ಬರೆದಾದ ಮೇಲೆ ಒಬ್ಬಳು ಹತ್ತುವಳು, ಇನ್ನೊಬ್ಬಳು ಮುಂದಿನ ಮನೆಗೆ ನಡೆಯುವಳು. ಯೋಜನೆಯ ಮೊದಲ ವಾರ ಆ ಬುಟ್ಟಿ ಒಂದು ಕಿಲೋ ಒಂಬೈನೂರು ತೂಗಿತ್ತು. ಆಮೇಲೆ ಒಂದೂವರೆ, ಒಂದು, ಏಳುನೂರು, ನಾನೂರು. ಈಚೆಗೆ ಇನ್ನೂರ ನಲವತ್ತು. ಒಂದಿಷ್ಟು ಟೀ ಚರಟ, ಒಂದು ಬಾಳೆಹಣ್ಣಿನ ಸಿಪ್ಪೆ, ಅಷ್ಟೇ ಅದರಲ್ಲಿ ಇರುತ್ತಿದ್ದುದು.

ಇನ್ನೂರ ನಲವತ್ತು ಗ್ರಾಂ! ಟ್ಯೂಷನ್ ಮೇಷ್ಟ್ರಿಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದಂತಾಯಿತು. ಅವರು ತಕ್ಕಡಿಯಮ್ಮನನ್ನು ಪಕ್ಕಕ್ಕೆ ಕರೆದು, ಮನುಷ್ಯಮಾತ್ರದವರಿಗೆ ಇದು ಸಾಧ್ಯವಿಲ್ಲವೆಂದೂ, ಆಕೆ ಕಸವನ್ನು ಕದ್ದುಮುಚ್ಚಿ ಬೇರೆ ಎಲ್ಲೋ ಸುರಿಯುತ್ತಿರಬೇಕೆಂದೂ, ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲವೆಂದೂ ಉದಾಹರಣೆ ಸಮೇತ ವಿವರಿಸಿದರು. ತಕ್ಕಡಿಯಮ್ಮ ಮುಂದಿನ ಮನೆಗೆ ನಡೆದಳು. ಆದರೆ ಮಾತು ಕಿವಿಗೆ ಸಿಹಿಯಾಗಿ ಬಿತ್ತು ಎಂಬುದನ್ನು ಮುಚ್ಚಿಡುವುದೇಕೆ? ಅತ್ತಿಗೆಯ ಕಳ್ಳತನವನ್ನು ಹಿಡಿದು, ಹಲಗೆಯ ಮೇಲಿಂದ ಅವಳ ನಂಬರನ್ನು ತನ್ನ ಕೈಯಾರೆ ಒರೆಸಬೇಕೆಂದು ಅವಳಿಗೆ ಬಲವಾಗಿ ಅನ್ನಿಸಿತು. ಅಣ್ಣ ಆಸ್ಪತ್ರೆ ಸೇರಿದ ಸುದ್ದಿ ಮುಚ್ಚಿಟ್ಟವಳಿಗೆ ಕಸ ಮುಚ್ಚಿಡುವುದು ಯಾವ ಮಹಾ ಕಷ್ಟ?

ಪತ್ತೇದಾರಿಕೆ ಶುರುವಾಯಿತು. ಪಾರ್ಕಿನ ಡಬ್ಬಿಗಳನ್ನು ಕೋಲಿನಿಂದ ಕೆದಕಿದಳು. ಗುರುವಾರ ಸಂಜೆ ನಾಲ್ಕಕ್ಕೆ ಅತ್ತಿಗೆ ದೊಡ್ಡ ಚೀಲ ಹೊತ್ತು ಹೊರಟಾಗ ಮೂರು ಬೀದಿ ಹಿಂದೆ ಹಿಂದೆಯೇ ಹೋದಳು, ಔಷಧಿ ಅಂಗಡಿಯ ಕಂಬದ ಮರೆಯಲ್ಲಿ ನಿಂತು ಬಗ್ಗಿ ನೋಡಿದಳು. ಅತ್ತಿಗೆ ಒಂದು ಮನೆಯ ಬಾಗಿಲು ತಟ್ಟಿ, ಚೀಲದಿಂದ ಇಸ್ತ್ರಿ ಮಾಡಿದ ಪರದೆಗಳನ್ನು ತೆಗೆದುಕೊಟ್ಟು, ಅಳತೆ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡು ಹಿಂತಿರುಗಿದಳು. ಗುಡ್ಡ ಅಗೆದು ಇಲಿ ಹಿಡಿದಂತಾಯಿತು.

ಆರು ತಿಂಗಳು ಮುಗಿಯುತ್ತ ಬಂದಾಗ ಕಚೇರಿಯಿಂದ ಒಂದು ನಮೂನೆ ಬಂತು. ಫಲಕ ಕೊಡುವ ಮುಂಚೆ ಗೆದ್ದವರ ಮನೆಯೊಳಗೆ ಹೋಗಿ ಪರಿಶೀಲಿಸಬೇಕು, ಎಂಟು ಪ್ರಶ್ನೆ ಕೇಳಿ ಉತ್ತರ ಬರೆಯಬೇಕು. ಪರಿಸರ ವಿಭಾಗದ ಸಾಹೇಬರು ಅದನ್ನು ತಕ್ಕಡಿಯಮ್ಮನ ಕೈಗೇ ಕೊಟ್ಟರು. ಅವಳು ಬೇಡವೆನ್ನಲಿಲ್ಲ. ಕಳ್ಳತನ ಇದ್ದರೆ ಅಡುಗೆಮನೆಯಲ್ಲೇ ಇರಬೇಕು ಎಂದುಕೊಂಡು, ಹದಿನಾಲ್ಕು ತಿಂಗಳ ಮೇಲೆ ಮೊದಲ ಸಲ ಆ ಮೆಟ್ಟಿಲು ಹತ್ತಿದಳು.

ಬಾಗಿಲು ತೆಗೆದ ಅತ್ತಿಗೆ ನಮೂನೆಯನ್ನು ನೋಡಿ, ಸರಿದು ನಿಂತು, ದಾರಿ ಬಿಟ್ಟಳು. ಹಜಾರದಲ್ಲಿ ಹೊಲಿಗೆ ಯಂತ್ರ, ಅದರ ಸುತ್ತ ಮೊಣಕಾಲೆತ್ತರ ಬಟ್ಟೆ, ಗೋಡೆಗೆ ಅಣ್ಣ ಮಾಡಿದ ಕಪಾಟು. ತಕ್ಕಡಿಯಮ್ಮ ನೇರವಾಗಿ ಅಡುಗೆಮನೆಗೆ ನಡೆದಳು. ಸಿಂಕಿನ ಕೆಳಗೆ ಬಗ್ಗಿದಳು, ಕಿಟಕಿಯ ಆಚೆ ಇಣುಕಿದಳು, ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದಳು. ಕಸ ಎಲ್ಲೂ ಇರಲಿಲ್ಲ. ಕಸವಾಗಬಹುದಾದದ್ದೂ ಏನೂ ಇರಲಿಲ್ಲ. ಒಲೆಯ ಬರ್ನರುಗಳು ಅಂಗಡಿಯಿಂದ ಈಗ ತಂದಷ್ಟು ಚೊಕ್ಕಟವಾಗಿದ್ದವು. ದೊಡ್ಡ ಪಾತ್ರೆಗಳು ಮೇಲಿನ ಅಟ್ಟದಲ್ಲಿ ಕವುಚಿ ಮಲಗಿದ್ದವು. ಫ್ರಿಜ್ಜಿನಲ್ಲಿ ಒಂದು ಹಾಲಿನ ಪ್ಯಾಕೆಟ್ಟು, ಅರ್ಧ ಬ್ರೆಡ್ಡು.

ಅವಳು ಪೆನ್ನು ತೆಗೆದು, ಮೇಜಿನ ಬಳಿ ನಿಂತುಕೊಂಡೇ ಪ್ರಶ್ನೆಗಳನ್ನು ಓದತೊಡಗಿದಳು. ಮನೆಯಲ್ಲಿ ಎಷ್ಟು ಜನ? ಒಬ್ಬಳು. ಗೊಬ್ಬರದ ಮಡಕೆ ಇದೆಯೇ? ಇಲ್ಲ. ಕಾಗದದಲ್ಲಿದ್ದದ್ದನ್ನು ಇದ್ದ ಹಾಗೆ ಓದಿದ್ದರಿಂದ ಇದು ಮಾತುಕತೆಯೆಂದು ಇಬ್ಬರೂ ಒಪ್ಪಿಕೊಳ್ಳಬೇಕಾಗಿ ಬರಲಿಲ್ಲ. ಐದನೆಯ ಪ್ರಶ್ನೆ ಬಂತು.

"ಅಡುಗೆಮನೆಯ ತ್ಯಾಜ್ಯವನ್ನು ಕಡಿಮೆ ಮಾಡಲು ತಾವು ಅನುಸರಿಸಿದ ಕ್ರಮಗಳೇನು?"

"ಅಡುಗೆ ಮಾಡೋದು ಬಿಟ್ಟೆ," ಎಂದಳು ಅತ್ತಿಗೆ.

ತಕ್ಕಡಿಯಮ್ಮ 'ಅಡುಗೆ' ಎಂದು ಬರೆದು ನಿಲ್ಲಿಸಿದಳು. ತಲೆ ಎತ್ತಿ ನೋಡಿದಳು. ಆರು ತಿಂಗಳು ಬುಟ್ಟಿಯನ್ನಷ್ಟೇ ನೋಡಿದ್ದ ಕಣ್ಣು ಈಗ ಮನುಷ್ಯಳನ್ನು ನೋಡಿತು. ಅತ್ತಿಗೆಯ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಕೈಗಡಿಯಾರ ಜಾರಿ ಅಂಗೈಯ ಬುಡದಲ್ಲಿ ನಿಂತಿತ್ತು, ರವಿಕೆಯ ತೋಳನ್ನು ಎರಡು ಸಲ ಒಳಗೆ ಹಿಡಿದು ಹೊಲಿದ ಗುರುತಿತ್ತು.

ಅತ್ತಿಗೆಯೇ ಮುಂದುವರಿಸಿದಳು, ಬಟ್ಟೆಯ ಅಳತೆ ಹೇಳುವ ದನಿಯಲ್ಲೇ. ಮೊದಮೊದಲು ಮಾಡುತ್ತಿದ್ದಳಂತೆ. ಕೈಗೆ ಅಳತೆ ಸಿಗುತ್ತಿರಲಿಲ್ಲವಂತೆ, ಮಾಡಿದ್ದು ಮಿಕ್ಕುತ್ತಿತ್ತು, ಮಿಕ್ಕಿದ್ದನ್ನು ಎಸೆಯುವಾಗ ಮನಸ್ಸು ತಡೆಯುತ್ತಿರಲಿಲ್ಲ.

"ಒಬ್ಬಳಿಗೆ ಅರ್ಧ ಈರುಳ್ಳಿ ಸಾಕು. ಇನ್ನರ್ಧ ಫ್ರಿಜ್ಜಲ್ಲಿ ಕೂತ್ಕೊಂಡು ನನ್ನೇ ನೋಡೋದು. ಅದಕ್ಕೇ ಹೆಚ್ಚೋದೇ ಬಿಟ್ಟೆ. ಟೀ ಕುಡೀತೀನಿ. ಬರ್ಕೋ."

ತಕ್ಕಡಿಯಮ್ಮನಿಗೆ ಬರೆಯಲಾಗಲಿಲ್ಲ. ಒಂದು ಕಿಲೋ ಒಂಬೈನೂರು, ಒಂದೂವರೆ, ಒಂದು, ಏಳುನೂರು, ನಾನೂರು, ಇನ್ನೂರ ನಲವತ್ತು. ಇಪ್ಪತ್ತನಾಲ್ಕು ವಾರ, ತಪ್ಪಿಲ್ಲದ ಅಕ್ಷರದಲ್ಲಿ, ತಾನೇ ತೂಗಿ ತಾನೇ ಬರೆದದ್ದು. ಅತ್ತಿಗೆ ಕರಗುತ್ತಿದ್ದುದನ್ನು ಗ್ರಾಂ ಲೆಕ್ಕದಲ್ಲಿ ಅಳೆದು, ಬೀದಿಯ ಮೂಲೆಯಲ್ಲಿ ಹಲಗೆ ಹಾಕಿ, ಊರಿಗೆಲ್ಲ ಮಾದರಿಯೆಂದು ತೋರಿಸಿದ್ದಳು. ಅವಳಿಗೆ ತುಂಬಾ ನಾಚಿಕೆಯಾಯಿತು. ಅವಳು ಉಳಿದ ಮೂರು ಪ್ರಶ್ನೆಗಳನ್ನು ಕೇಳದೆಯೇ ನಮೂನೆ ಮಡಿಸಿಕೊಂಡು ಮೆಟ್ಟಿಲಿಳಿದಳು.

ಕಚೇರಿಯಲ್ಲಿ ಕುಳಿತು ಯೋಚಿಸಿದಳು. ನಿಜ ಬರೆದರೆ ಅತ್ತಿಗೆ ಉಪವಾಸವಿರುವುದು ಕಡತಕ್ಕೆ ಹೋಗುತ್ತದೆ, ಕಡತದಿಂದ ಗುಮಾಸ್ತರ ಬಾಯಿಗೆ, ಅಲ್ಲಿಂದ ಟ್ಯೂಷನ್ ಮೇಷ್ಟ್ರ ಬಾಯಿಗೆ. ಎಲ್ಲ ಸರಿಯಿದೆ ಎಂದು ಬರೆದರೆ ಮುಂದಿನ ಶನಿವಾರ ಆ ಬಡಕಲು ಹೆಂಗಸು ವೇದಿಕೆ ಹತ್ತಿ, ಹಸಿರು ಬದುಕಿನ ಗುಟ್ಟೇನು ಎಂದು ಮುನ್ನೂರು ಜನರೆದುರು ಹೇಳಬೇಕು. ಅವಳು ಸುಳ್ಳು ಹೇಳುವವಳಲ್ಲ. ಅಡುಗೆಮನೆಯಲ್ಲಿ ಹೇಳಿದ್ದನ್ನೇ ಮೈಕಿನಲ್ಲೂ ಹೇಳಿಯಾಳು, ಜನ ತಮಾಷೆಯೆಂದುಕೊಂಡು ಚಪ್ಪಾಳೆಯನ್ನೂ ತಟ್ಟಿಯಾರು.

ತಕ್ಕಡಿಯಮ್ಮ ಹೊಸ ನಮೂನೆ ಕೇಳಿ ತಂದಳು. ಎಂಟೂ ಪ್ರಶ್ನೆಗಳ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಷರಾ ಎಂದಿದ್ದ ಜಾಗದಲ್ಲಿ ಬರೆದಳು: "ಮನೆ ಸಂಖ್ಯೆ ಹತ್ತೊಂಬತ್ತರ ತೂಕದಲ್ಲಿ ಮೊದಲಿಂದಲೂ ತಪ್ಪಾಗಿದೆ. ತಪ್ಪು ನನ್ನದು."

ಸಾಹೇಬರು ಅದನ್ನು ಮೂರು ಸಲ ಓದಿದರು. ಹತ್ತೊಂಬತ್ತು ವರ್ಷದಲ್ಲಿ ಈಕೆಯ ಮೇಲೆ ಒಂದು ದೂರು ಬಂದಿರಲಿಲ್ಲ, ಈಗ ಈಕೆಯೇ ತನ್ನ ಮೇಲೆ ದೂರು ಬರೆದುಕೊಂಡು ನಿಂತಿದ್ದಳು. ತಕ್ಕಡಿ ಕೆಟ್ಟಿತ್ತೇ ಎಂದು ಕೇಳಿದರು. ತಕ್ಕಡಿ ಸರಿಯಾಗಿಯೇ ಇದೆ ಎಂದಳು. ಹಾಗಾದರೆ ಉಪೇಕ್ಷೆ ಎಂದು ಅವರೇ ತೀರ್ಮಾನಿಸಿ ಒಂದು ನೋಟಿಸು ಕೊಟ್ಟರು. ತಕ್ಕಡಿಯನ್ನು ವಾಪಸು ತೆಗೆದುಕೊಂಡು ಪಾರ್ಕಿನ ತರಗೆಲೆ ಗುಡಿಸುವ ಕೆಲಸಕ್ಕೆ ಹಾಕಿದರು. 'ಸಿಬ್ಬಂದಿಯ ಲೋಪದಿಂದಾಗಿ ಮನೆ ಸಂಖ್ಯೆ 19ರ ಅಂಕಿಗಳನ್ನು ರದ್ದುಪಡಿಸಲಾಗಿದೆ' ಎಂಬ ಕಾಗದ ಬೀದಿಯ ಹಲಗೆಗೆ ಅಂಟಿತು. ಟ್ಯೂಷನ್ ಮೇಷ್ಟ್ರು ಶನಿವಾರ ಫಲಕ ಪಡೆದು, ಹತ್ತು ನಿಮಿಷದ ಜಾಗದಲ್ಲಿ ನಲವತ್ತು ನಿಮಿಷ ಮಾತಾಡಿದರು. ಆಲೂಗಡ್ಡೆ ಸಿಪ್ಪೆಯ ವಿಚಾರವೇ ಕಾಲು ಗಂಟೆ ಹಿಡಿಯಿತಂತೆ.

ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ತಕ್ಕಡಿಯಮ್ಮ, ತಕ್ಕಡಿ ಹೋದರೂ ಹೆಸರು ಹೋಗಿರಲಿಲ್ಲ, ಪಾರ್ಕಿನ ದೊಡ್ಡ ಮರದ ಕೆಳಗೆ ಎಲೆ ಗುಡ್ಡೆ ಹಾಕುತ್ತಿದ್ದಳು. ಅತ್ತಿಗೆ ಬರುವುದು ದೂರದಿಂದಲೇ ಕಾಣಿಸಿತು. ನಡುವೆ ಎರಡು ಸಲ ಬೆಂಚಿನ ಮೇಲೆ ಕೂತು ಸುಧಾರಿಸಿಕೊಂಡು ಬಂದಳು. ಬಂದವಳು ಪೀಠಿಕೆ ಹಾಕಲಿಲ್ಲ.

"ನಿನ್ನ ತೂಕ ಸರಿಯಾಗೇ ಇತ್ತು. ನಾನೇ ನೋಡಿದೀನಲ್ಲ. ಸುಳ್ಳು ಯಾಕೆ ಬರೆದೆ?"

"ಸುಳ್ಳೆಲ್ಲಿ ಬರೆದೆ ಅತ್ತಿಗೆ?" ತಕ್ಕಡಿಯಮ್ಮ ಪೊರಕೆಯನ್ನು ನೋಡುತ್ತ ಹೇಳಿದಳು. "ಆರು ತಿಂಗಳು ನೀವು ಊಟ ಬಿಟ್ರಿ. ನಾನು ಎದುರಿಗೇ ನಿಂತ್ಕೊಂಡು, ಕಸ ಕಡಿಮೆ ಆಯ್ತು ಅಂತ ಬರ್ಕೊಂಡೆ. ಅದಕ್ಕಿಂತ ತಪ್ಪು ತೂಕ ಇನ್ನೇನಿದೆ?"

ಅತ್ತಿಗೆ ಪಕ್ಕದ ಕಲ್ಲುಕಟ್ಟೆಯ ಮೇಲೆ ಕುಳಿತಳು. ಒಣಗಿದ ಎಲೆಯೊಂದನ್ನು ತೊಡೆಯ ಮೇಲಿಟ್ಟು, ಬಟ್ಟೆಯ ಮಡಿಕೆ ಸರಿಮಾಡುವಂತೆ ಹೆಬ್ಬೆರಳಿನಿಂದ ತಿದ್ದತೊಡಗಿದಳು. ತಕ್ಕಡಿಯಮ್ಮ ಗುಡಿಸುವುದನ್ನು ನಿಲ್ಲಿಸಿದಳು.

"ಅವತ್ತು ಆಸ್ಪತ್ರೆಯಲ್ಲಿ ಎರಡು ಸಲ ಫೋನು ಕೈಗೆ ತಗೊಂಡೆ," ಎಂದಳು ಅತ್ತಿಗೆ. "ನಿಂಗೆ ಹೇಳಿಬಿಟ್ರೆ ಅದು ನಿಜ ಆಗಿಬಿಡುತ್ತೆ ಅನ್ನಿಸ್ತು. ಹೇಳದೇ ಇದ್ರೆ ಎದ್ದು ಮನೆಗೆ ಬರ್ತಾರೆ, ಭಾನುವಾರ ನೀನು ಊಟಕ್ಕೆ ಬಂದಾಗ ಹೇಳಿದ್ರಾಯ್ತು ಅಂದ್ಕೊಂಡೆ. ನಂದೂ ತಪ್ಪೇ."

ತಕ್ಕಡಿಯಮ್ಮ ಹದಿನಾಲ್ಕು ತಿಂಗಳು ಈ ಮಾತಿಗೆ ಕಾದಿದ್ದಳು. ಬಂದರೆ ಏನು ತಿರುಗಿಸಿ ಹೇಳಬೇಕೆಂದು ಮನಸ್ಸಿನಲ್ಲಿ ಹತ್ತಾರು ಸಲ ಜೋಡಿಸಿಟ್ಟುಕೊಂಡಿದ್ದಳು. ಆದರೆ ಈಗ ಅವಳು ಬಂದು ಅತ್ತಿಗೆಯ ಪಕ್ಕ ಕುಳಿತಳು, ಸೆರಗಿನಿಂದ ಕನ್ನಡಕ ಒರೆಸಿಕೊಂಡಳು, ಅದು ಇನ್ನೂ ಮಂಜಾಗಿಯೇ ಇತ್ತು.

ಬಹಳ ಹೊತ್ತಾದ ಮೇಲೆ ಅತ್ತಿಗೆ, ತನಗೇ ಆಶ್ಚರ್ಯವಾದವಳಂತೆ, ಮೆಲ್ಲಗೆ ಹೇಳಿದಳು:

"ಹಸಿವಾಗ್ತಿದೆ ಕಣೇ."

ಕೆಲಸ ಮುಗಿಯಲು ಇನ್ನೂ ಒಂದೂವರೆ ಗಂಟೆಯಿತ್ತು. ತಕ್ಕಡಿಯಮ್ಮ ಎದ್ದು ಪೊರಕೆಯನ್ನು ಮರಕ್ಕೆ ಒರಗಿಸಿ, ಅತ್ತಿಗೆಯ ತೋಳು ಹಿಡಿದು ಎಬ್ಬಿಸಿದಳು. ಇಬ್ಬರೂ ತರಕಾರಿ ಅಂಗಡಿಯ ಕಡೆಗೆ ನಿಧಾನವಾಗಿ ನಡೆದರು.